ಬಚ್ಚಮ್ಮನ ಬಾವಿ, ನಮ್ಮ ರಿಗ್ಗು

ಹೋದ ತಿಂಗಳು ನ್ಯಾಮತಿಯ ನಮ್ಮ ಮನೆಗೆ ಇಬ್ಬರು ಹುಡುಗರು ಬಂದಿದ್ದರು. ಬೋರ್ ಲಾರಿ ಮೇಲೆ ಹೊಸದಾಗಿ ಕೆಲಸಕ್ಕೆ ಸೇರಿದವರು. ಚಾ ಕುಡೀತಾ ಒಬ್ಬ ಕೇಳಿದ, "ದೊಡ್ಡಪ್ಪಾರೆ, ನಿಮ್ಮ ಸರ್ವೀಸಿನಾಗೆ ಎಷ್ಟು ಅಡಿವರೆಗೂ ಹೋಗಿದ್ರಿ?" ನಂಗೆ ಸಿಟ್ಟು ಬಂತು. ನಿಜ ಹೇಳಬೇಕಂದ್ರೆ ಈ ವಯಸ್ಸಿನಲ್ಲಿ ಸಿಟ್ಟು ಬರೋಕೆ ದೊಡ್ಡ ಕಾರಣ ಬೇಕಾಗಿಲ್ಲ. "ಅಡಿ ಮಾತು ಆಮೇಲಾತು. ನೀವು ಕೊರೆದ ನೀರನ್ನ ಯಾವತ್ತಾದ್ರೂ ಕುಡಿದು ನೋಡೀರೇನು?" ಅಂದೆ. ಇಬ್ಬರೂ ಇಲ್ಲ ಅಂತ ತಲೆ ಅಲ್ಲಾಡಿಸಿದರು. ಅವರದ್ದೂ ತಪ್ಪಿಲ್ಲ ಬಿಡಿ. ಬೆಳಗ್ಗೆ ಒಂದೂರಿಗೆ ಹೋಗಿ, ಗಾಳಿ ಬಿಟ್ಟು ಬುರ್ ಅಂತ ಕೊರೆದು, ಹೊತ್ತು ಮುಳುಗೋದರೊಳಗೆ ಇನ್ನೊಂದೂರಿಗೆ ಹೊರಡೋರು. ಕುಡಿದು ನೋಡೋಕೆ ಅವರಿಗೆ ಪುರುಸೊತ್ತೆಲ್ಲಿ.

ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾವ ಸಾಹೇಬರು ಸರ್ಟಿಫಿಕೇಟು ಕೊಟ್ಟರು ಅನ್ನೋದೆಲ್ಲ ಪೆನ್ಷನ್ ಫೈಲಿನಲ್ಲಿದೆ. ಇಷ್ಟವಿದ್ದವರು ಅಲ್ಲಿ ನೋಡಿಕೊಳ್ಳಲಿ.

ಎಪ್ಪತ್ತರ ದಶಕದ ಮೊದಮೊದಲಲ್ಲಿ ನಾನು ಸೇರಿದಾಗ ನಮ್ಮದು ಕುಟ್ಟುವ ರಿಗ್ಗು. ಆಳೆತ್ತರಕ್ಕೂ ಮಿಕ್ಕಿದ ಕಬ್ಬಿಣದ ಉಳಿಯನ್ನು ತಂತಿಹಗ್ಗದಲ್ಲಿ ಎತ್ತೋದು, ಬಿಡೋದು. ಎತ್ತೋದು, ಬಿಡೋದು. ಗಟ್ಟಿ ಕಲ್ಲು ಸಿಕ್ಕರೆ ದಿನಕ್ಕೆ ಮೂರಡಿ ಹೋದರೆ ಅವತ್ತು ಹಬ್ಬ. ಒಂದು ಬೋರಿಗೆ ಒಂದು ತಿಂಗಳು, ಕೆಲವಕ್ಕೆ ಎರಡು ತಿಂಗಳು. ಹಾಗಾಗಿ ಹೋದ ಊರಲ್ಲೇ ಗುಡಾರ ಹಾಕಿ ಇರಬೇಕು. ಆ ಊರಿನ ಎಮ್ಮೆ ಯಾವತ್ತು ಕರು ಹಾಕ್ತು ಅನ್ನೋದೂ ನಮಗೆ ಗೊತ್ತಾಗ್ತಿತ್ತು.

ನನಗೆ ಕೆಲಸ ಕಲಿಸಿದವರು ಆಪರೇಟರ್ ಖಾದರ್ ಸಾಬರು, ಇದೇ ನ್ಯಾಮತಿಯವರು. ಮಾತು ಕಡಿಮೆ, ಬೀಡಿ ಜಾಸ್ತಿ. ಉಳಿ ಬೀಳುವಾಗ ತಂತಿಹಗ್ಗದ ಮೇಲೆ ಅಂಗೈ ಇಟ್ಟು, ಕೆಳಗೆ ಕಲ್ಲೋ ಮಣ್ಣೋ ಅಂತ ಹೇಳೋರು. ನಾಡಿ ಹಿಡಿದ ಹಾಗೆ. ನಾನು ಜಗಳೂರು ಕಡೆಯವನು, ಓಬಳೇಶ. ಅವರ ಕೈಕೆಳಗೆ ಸಹಾಯಕ. ಇನ್ನೊಬ್ಬ ಗೋವಿನಕೋವಿಯ ರುದ್ರಪ್ಪ. ಶಕ್ತಿಯಲ್ಲಿ ಎತ್ತು, ಊಟದ ವಿಷಯದಲ್ಲಿ ಮಾತ್ರ ಬಲು ಮಡಿ.

ಜಗಳೂರು ತಾಲ್ಲೂಕಿನ ಒಂದೂರಿನಲ್ಲಿ ನೂರೈವತ್ತು ಅಡಿ ಹೋದರೂ ಬರೀ ಬಿಳೀ ಹುಡಿ. ಸಾಹೇಬರು ಜೀಪಿನಲ್ಲಿ ಬಂದು, "ಸಾಕು, ಫೇಲ್ ಅಂತ ಬರೀರಿ, ರಿಗ್ಗು ಬಿಚ್ಚಿ" ಅಂದು ಹೋದರು. ಖಾದರ್ ಸಾಬರು ಹಗ್ಗದ ಮೇಲೆ ಕೈ ಇಟ್ಟೇ ನಿಂತಿದ್ದರು. ಜೀಪು ಮರೆಯಾದ ಮೇಲೆ ಬೀಡಿ ಹಚ್ಚಿ, "ಓಬಳೇಶಿ, ಇಂಜಿನ್ ಚಾಲೂ ಮಾಡು" ಅಂದರು. ನಾಲ್ಕು ದಿನ ಸಾಹೇಬರ ಮಾತು ಮೀರಿ ಕುಟ್ಟಿದೆವು. ಐದನೇ ದಿನ ಮಧ್ಯಾಹ್ನ ಹೂಳೆತ್ತುವ ಕೊಳವೆಯಲ್ಲಿ ತಣ್ಣನೆಯ ಕೆಸರು ಬಂತು, ಅದರ ಹಿಂದೆಯೇ ನೀರು. ಆ ಊರಿನ ಮುದುಕಿಯೊಬ್ಬಳು ಆ ಕೆಸರುನೀರನ್ನೇ ಬೊಗಸೆಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ನನ್ನ ಸ್ವಂತ ತಾಲ್ಲೂಕು ಅದು. ನಾನು ಇಂಜಿನ್ ಹಿಂದೆ ಹೋಗಿ ಅತ್ತೆ.

ಮುಂದೆ ಹೊನ್ನಾಳಿ ಹತ್ತಿರವೂ ಹಾಗೇ ಆಯ್ತು. ಹೊಳೆ ಕಣ್ಣಿಗೆ ಕಾಣುತ್ತೆ, ಬೋರು ಮಾತ್ರ ಒಣ. ಇನ್ನೂ ಇಳಿದೆವು, ಬಂತು. ಚನ್ನಗಿರಿ ಕಡೆಯೂ ಅಷ್ಟೇ. ಹೀಗೆ ಮೂರು ತಾಲ್ಲೂಕು ಸುತ್ತಿ ನನ್ನ ತಲೆಯಲ್ಲಿ ಒಂದೇ ಪಾಠ ಕೂತುಬಿಟ್ಟಿತು. ನೀರು ಕೆಳಗಿರುತ್ತೆ, ಸಿಗದಿದ್ದರೆ ಇನ್ನೂ ಕೆಳಗಿರುತ್ತೆ, ನಿಲ್ಲಿಸಿದವನು ಹೇಡಿ. ಈ ಪಾಠವೇ ಮುಂದೆ ನನ್ನ ಕೈಯಿಂದ ಒಂದು ಅನಾಹುತ ಮಾಡಿಸಿತು.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ. ಕರಾವಳಿಯ ಕಡೆ ರಿಗ್ಗು ಕೆಟ್ಟು ಕೂತಿದೆ, ಎರಡು ತಿಂಗಳಿಗೆ ನಿಮ್ಮದನ್ನು ತಗೊಂಡು ಹೋಗಿ ಅಂತ ಆರ್ಡರು ಬಂತು. ಕುಂದಾಪುರದಾಚೆ, ಹೊಳೆ ಸಮುದ್ರ ಸೇರುವ ಜಾಗದಲ್ಲಿ ಒಂದು ಸಣ್ಣ ಊರು. ಬೇಸಿಗೆಯಲ್ಲಿ ಅಲ್ಲಿಯ ಬಾವಿಗಳೆಲ್ಲ ಉಪ್ಪಾಗುತ್ತವಂತೆ, ಕುಡಿಯುವ ನೀರಿಗೆ ಬೋರು ಬೇಕು. ನಮ್ಮಲ್ಲಿ ಯಾರೂ ಸಮುದ್ರ ನೋಡಿದವರಲ್ಲ. ಲಾರಿ ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಘಟ್ಟ ಇಳಿಯುವಾಗ ರುದ್ರಪ್ಪ ದೊಡ್ಡ ಅನುಭವಸ್ಥನ ಹಾಗೆ, "ಸೂಳೆಕೆರೆ ನೋಡೀವಲ್ಲಪ್ಪ, ಅದಕ್ಕಿಂತ ಇನ್ನೇನಿರತ್ತೆ?" ಅಂದ. ಸೂಳೆಕೆರೆ ಚನ್ನಗಿರಿಯವರ ಪಾಲಿಗೆ ಸಮುದ್ರವೇ. ನಾನೂ ಹೂಂ ಅಂದಿದ್ದೆ.

ತೆಂಗಿನ ತೋಪು ಮುಗಿದು ಲಾರಿ ಒಂದು ದಿಬ್ಬ ಹತ್ತಿತು. ಮುಂದೆ ನೆಲವೇ ಇರಲಿಲ್ಲ. ಇದ್ದದ್ದೆಲ್ಲ ನೀರು. ಆಚೆ ದಡ ಹುಡುಕಿ ಹುಡುಕಿ ಕಣ್ಣು ಸೋತು, ಆಕಾಶಕ್ಕೇ ಹೋಗಿ ನಿಂತಿತು. ಹನಿ ನೀರಿಗಾಗಿ ತಿಂಗಳುಗಟ್ಟಲೆ ಕಲ್ಲು ಕುಟ್ಟಿದವನು ನಾನು. ಅಷ್ಟು ನೀರು ಯಾರ ಅಪ್ಪಣೆಯೂ ಇಲ್ಲದೆ ಸುಮ್ಮನೆ ಎದ್ದು ಬೀಳುತ್ತಿರೋದನ್ನು ನೋಡಿ ನಾನು ಲಾರಿಯಿಂದ ಇಳಿಯೋದನ್ನೇ ಮರೆತೆ. ರುದ್ರಪ್ಪ ಲಾರಿಯಿಂದಿಳಿದು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಕೊಂಡು ನಿಂತ. ಆಮೇಲೆ, "ಸೂಳೆಕೆರೆ ಮಾತು ಯಾರಿಗೂ ಹೇಳಬೇಡ್ರೋ" ಅಂದ.

ನಾವು ಇಳಿದುಕೊಂಡದ್ದು ಬಚ್ಚಮ್ಮ ಅನ್ನೋರ ಮನೆಯಲ್ಲಿ. ಈಗ ಹೋಂಸ್ಟೇ ಅಂತ ಬೋರ್ಡು ಹಾಕ್ತಾರಲ್ಲ, ಆವಾಗ ಆ ಹೆಸರೂ ಇರಲಿಲ್ಲ, ಬೋರ್ಡೂ ಇರಲಿಲ್ಲ. ಹೆಂಚಿನ ಮನೆ, ಮುಂದೆ ಉದ್ದ ಜಗಲಿ, ಜಗಲಿಗೆ ಹೊಂದಿ ಮೂರು ಕೋಣೆ. ಹೊಳೆ ದಾಟೋ ದೋಣಿ ತಪ್ಪಿಸಿಕೊಂಡವರು, ಶಾಲೆಗೆ ಬಂದ ಮೇಷ್ಟ್ರುಗಳು, ದೇವಸ್ಥಾನಕ್ಕೆ ಹೊರಟವರು ಅಲ್ಲಿ ತಂಗೋರು. ಮಲಗೋಕೆ ಚಾಪೆ, ಬೆಳಗ್ಗೆ ಗಂಜಿ. ಗಂಡ ತೀರಿಹೋದ ಮೇಲೆ ಬಚ್ಚಮ್ಮನ ಬದುಕು ನಡೆದದ್ದೇ ಈ ಚಾಪೆ ಮತ್ತು ಗಂಜಿಯ ಮೇಲೆ. ಎಷ್ಟು ಕೊಡಬೇಕಮ್ಮ ಅಂದರೆ, "ಹೋಪತಿಗೆ ಕಾಂಬ" ಅನ್ನೋರು. ಹೋಗುವಾಗ ನೋಡೋಣ ಅಂತ.

ಅಂಗಳಕ್ಕೆ ಕಾಲಿಟ್ಟ ಕೂಡಲೇ ಅವರು ಮಾಡಿದ ಮೊದಲ ಕೆಲಸ, ಒಂದು ತಟ್ಟೆಯಲ್ಲಿ ಬೆಲ್ಲದ ಚೂರು, ಒಂದು ಚೊಂಬು ನೀರು ತಂದು ಮುಂದಿಟ್ಟದ್ದು. "ಬನ್ನಿ, ಕೂಕಣಿ. ಆಸ್ರಿಗೆ ಕುಡಿನಿ" ಅಂದರು. ಕೂತ್ಕೊಳ್ಳಿ, ಬಾಯಾರಿಕೆಗೆ ಕುಡೀರಿ ಅನ್ನೋದನ್ನ ಅವರು ಹಾಗೆ ಹೇಳ್ತಾರೆ. ಯಾರೇ ಬರಲಿ, ಬೆಲ್ಲ ನೀರು ಕೊಡದೆ ಆ ಮನೆಯಲ್ಲಿ ಊರು ಯಾವುದು ಅಂತಲೂ ಕೇಳೋದಿಲ್ಲ. ನಾನು ನೀರು ಬಾಯಿಗೆ ಹಾಕಿಕೊಂಡೆ. ಹತ್ತು ಮಾರು ಆಚೆ ಉಪ್ಪುಹೊಳೆ, ಅದರಾಚೆ ಸಮುದ್ರ. ಈ ನೀರು ಮಾತ್ರ ನಮ್ಮ ಜಗಳೂರಿನ ಯಾವ ಬಾವಿಯಲ್ಲೂ ಕುಡಿಯದಷ್ಟು ರುಚಿ. ನಂಬಿಕೆ ಬರದೆ ಇನ್ನೊಂದು ಚೊಂಬು ಕೇಳಿದೆ.

ಮಾರನೇ ಬೆಳಗ್ಗೆ ಬಟ್ಟಲಲ್ಲಿ ಕುಚ್ಚಲಕ್ಕಿ ಗಂಜಿ ಬಂತು, ಪಕ್ಕದಲ್ಲಿ ಒಣಮೀನಿನ ಚಟ್ನಿ. ನಮ್ಮ ಕಡೆ ಗಂಜಿ ಕೊಡೋದು ಕಾಯಿಲೆಯವರಿಗೆ. ನಾನು ಮೆಲ್ಲಗೆ ಖಾದರ್ ಸಾಬರಿಗೆ, "ನಮಗೇನು ಜ್ವರ ಬಂದೈತೇನ್ರಿ? ಗಂಜಿ ಕೊಟ್ಟಾರಲ್ಲ" ಅಂದೆ. ಬಚ್ಚಮ್ಮ ಕೇಳಿಸಿಕೊಂಡು ಹೊಟ್ಟೆ ಹಿಡಿದು ನಕ್ಕರು. ಎರಡು ಬಟ್ಟಲು ಕುಡಿದು ಮಧ್ಯಾಹ್ನದವರೆಗೂ ಹಸಿವಾಗದಿದ್ದಾಗ ನಾನು ಬಾಯಿ ಮುಚ್ಚಿಕೊಂಡೆ. ರುದ್ರಪ್ಪ ಮೀನು ಬೇಯುವ ಒಲೆಯದ್ದು ಮುಟ್ಟೋದಿಲ್ಲ. ಬಚ್ಚಮ್ಮ ಜಗಲಿಯ ಕೊನೆಗೆ ಮೂರು ಕಲ್ಲು ಹೂಡಿ, ಹೊಸ ಮಡಿಕೆ ತರಿಸಿಕೊಟ್ಟರು. ಅವನು ಊರಿಂದ ತಂದ ಜೋಳದ ಹಿಟ್ಟಿನಲ್ಲಿ ರೊಟ್ಟಿ ತಟ್ಟುವಾಗ ಅವರು ಬಂದು ಕೂತು ಬೆರಗಿನಿಂದ ನೋಡೋರು. ಅವರಿಗೆ ಜೋಳದ ರೊಟ್ಟಿ ಒಂದು ಸಮುದ್ರ.

ಬಾವಿ ಮನೆಯ ಹಿಂದೆ, ಮರಳುನೆಲದಲ್ಲಿ. ಬಗ್ಗಿದರೆ ನೀರು ಕಾಣುತ್ತೆ. ಹದಿನೈದಡಿ ಇದ್ದರೆ ಹೆಚ್ಚು. ಬೇಸಿಗೆಯಲ್ಲಿ ಉಳಿದ ಬಾವಿಗಳು ಉಪ್ಪಾದಾಗ ಆ ಕೇರಿಯ ಇಪ್ಪತ್ತು ಮನೆಗಳೂ ಇಲ್ಲಿಗೇ ಬರೋದು. ಅದಕ್ಕೊಂದು ಕಟ್ಟಳೆ ಇತ್ತು. ಬೆಳಗ್ಗೆ ಮನೆಗೆ ಎರಡೇ ಕೊಡ. ಆಮೇಲೆ ಹೊತ್ತು ಇಳಿಯೋವರೆಗೂ, ಬಂದವರಿಗೆ ಕೊಡೋ ಒಂದು ಚೊಂಬು ಬಿಟ್ಟರೆ, ಯಾರೂ ಹಗ್ಗ ಬಿಡೋ ಹಾಗಿಲ್ಲ. ಸಂಜೆ ಮತ್ತೆ ಎರಡು. ನೀರು ಕಣ್ಣೆದುರೇ ತುಂಬಿರುವಾಗ ಇದೆಂಥ ಜಿಪುಣತನ ಅಂತ ನಾನು ಅಂದುಕೊಂಡೆ. ಕೇಳಿದ್ದಕ್ಕೆ ಬಚ್ಚಮ್ಮ, "ಬಾವಿಗೂ ಸುಧಾರ್ಸ್ಕಂಬುಕ್ ಬೇಡ್ದಾ?" ಅಂದರು. ಬಾವಿ ಸುಧಾರಿಸಿಕೊಳ್ಳೋದಂತೆ. ನಾನು ಒಳಗೊಳಗೇ ನಕ್ಕೆ.

ಸಿಹಿನೀರು ಇರೋ ಕಡೆಯೇ ಕೊರೆಯೋದು ಒಳ್ಳೇದು ಅಂತ ಅಲ್ಲಿಯ ಸಾಹೇಬರು ಗುರುತು ಹಾಕಿದ್ದು ಆ ಬಾವಿಯಿಂದ ಇಪ್ಪತ್ತು ಹೆಜ್ಜೆಯಲ್ಲಿ. ಊರಿಗೆ ನೀರಾಗುತ್ತಲ್ಲ ಅಂತ ಬಚ್ಚಮ್ಮ ಜಾಗ ಬಿಟ್ಟುಕೊಟ್ಟರು. ಮರಳಿನಲ್ಲಿ ಕೆಲಸ ಸಲೀಸು. ಹನ್ನೆರಡು ಅಡಿಗೇ ನೀರು ಬಂತು, ಆದರೆ ಕಡಿಮೆ. ನಲವತ್ತಕ್ಕೆ ಕಪ್ಪು ಅಂಟುಜೇಡಿ ಸಿಕ್ಕಿತು. ಅಷ್ಟರಲ್ಲಿ ಖಾದರ್ ಸಾಬರಿಗೆ ಮಗಳ ಸಂಬಂಧ ಮಾತಾಡೋಕೆ ಬನ್ನಿ ಅಂತ ನ್ಯಾಮತಿಯಿಂದ ಕಾಗದ ಬಂತು. ಹೊರಡುವಾಗ ಹಗ್ಗದ ಮೇಲೆ ಕೈ ಇಟ್ಟು ಯೋಚನೆ ಮಾಡಿ, "ಈ ನೆಲ ನಂಗೆ ಅರ್ಥ ಆಗವಲ್ದು. ನಾನು ಬರೋತನಕ ಇಲ್ಲೇ ನಿಲ್ಸು, ಓಬಳೇಶಿ" ಅಂದರು. ನಾನು ಆಯ್ತು ಅಂದೆ.

ಎರಡು ದಿನ ನಿಲ್ಲಿಸಿದೆ. ಮೂರನೇ ದಿನ ಕೈ ಸುಮ್ಮನಿರಲಿಲ್ಲ. ಸಾಬರು ಬರೋದರೊಳಗೆ ಧಾರಾಳ ನೀರು ತೋರಿಸಬೇಕು, ಶಹಬ್ಬಾಸ್ ಅನ್ನಿಸಿಕೊಳ್ಳಬೇಕು ಅನ್ನೋ ಆಸೆ. ಇಂಜಿನ್ ಶಬ್ದ ಕೇಳಿ ಬಚ್ಚಮ್ಮ ಸೌಟು ಹಿಡಿದೇ ಬಂದರು. "ಹೋಯ್, ಅಡಿಗೆ ಹೋಯ್ಬೇಡಿ. ಮೇಲ್ ಸಿಹಿ ಇತ್ತ್, ಅಡಿಗೆ ಉಪ್ಪ್ ಇತ್ತ್" ಅಂದರು. ಇನ್ನೂ ಕೆಳಗೆ ಹೋಗಬೇಡಿ, ಮೇಲೆ ಸಿಹಿ ಇದೆ, ಕೆಳಗೆ ಉಪ್ಪಿದೆ ಅಂತ. ನಾನು ನಕ್ಕು, "ಅಮ್ಮಾ, ನೀವು ಗಂಜಿ ನೋಡ್ಕಳ್ರಿ, ಬೋರು ನಮಗೆ ಬಿಡ್ರಿ. ನಾವು ಜಗಳೂರಿನಾಗೆ ಕಲ್ಲು ಒಡೆದು ನೀರು ತೆಗೆದೋರು" ಅಂದೆ. ಈ ಮಾತು ಬರೆಯುವಾಗ ಈಗಲೂ ನನ್ನ ಕಿವಿ ಬಿಸಿಯಾಗುತ್ತೆ. ಅವರು ಇನ್ನೊಂದು ಸಲ ಹೇಳಿ, ಮಾರನೇ ದಿನ ಹೊಳೆಯಾಚೆ ನೆಂಟರ ಮದುವೆಗೆ ಹೋದರು.

ಅಂಟುಜೇಡಿ ದಾಟಿತು. ತೊಂಬತ್ತು ಅಡಿಗೆ ಉಳಿ ಹಗುರವಾಗಿ ಇಳಿಯಿತು. ಕೊಳವೆಯೊಳಗೆ ನೀರು ತಾನೇ ಏರಿ ಏರಿ ನೆಲಮಟ್ಟಕ್ಕೆ ಹತ್ತಡಿ ಹತ್ತಿರಕ್ಕೆ ಬಂದು ನಿಂತಿತು. ಜನ್ಮದಲ್ಲಿ ನಾನು ಅಂಥ ಬೋರು ಕಂಡಿರಲಿಲ್ಲ. ಡೀಸೆಲ್ ಪಂಪು ಹೂಡಿ, ಕೆಸರು ಹೋಗಲಿ ಅಂತ ನಮ್ಮ ವಾಡಿಕೆಯಂತೆ ಬೆಳಗ್ಗೆಯಿಂದ ಸಂಜೆವರೆಗೂ ಹರಿಯಬಿಟ್ಟೆವು. ತೋಳು ಗಾತ್ರದ ನೀರು ದಬದಬ ಬಿದ್ದು ಮರಳಿನ ಮೇಲೆ ಹರಿದು ಇಂಗುತ್ತಿತ್ತು. ನಾನೂ ರುದ್ರಪ್ಪನೂ ಅದರಲ್ಲಿ ಕಾಲು ಬಿಟ್ಟುಕೊಂಡು ರಾಜರ ಹಾಗೆ ಕೂತಿದ್ದೆವು. ಕುಡಿದು ನೋಡೋಣ ಅಂತ ಇಬ್ಬರಿಗೂ ಹೊಳೆಯಲಿಲ್ಲ. ನಮ್ಮ ಕಡೆ ನೀರು ಬಂತಾ ಅಂತ ಕೇಳ್ತಾರೆ. ಹೆಂಗೈತೆ ಅಂತ ಯಾರು ಕೇಳ್ತಾರೆ?

ಮಾರನೇ ದಿನ ಮಧ್ಯಾಹ್ನ ಬಚ್ಚಮ್ಮ ದೋಣಿಯಲ್ಲಿ ಬಂದರು. ಜೊತೆಯಲ್ಲಿ ತಂಗೋಕೆ ಬಂದ ಗಂಡ ಹೆಂಡತಿ. ಬಾವಿಯಿಂದ ಸೇದಿ ತಂದು ಎಂದಿನ ಹಾಗೆ ಬೆಲ್ಲ, ನೀರು ಇಟ್ಟರು. ಆ ಗಂಡಸು ಒಂದು ಗುಟುಕು ಬಾಯಿಗೆ ಹಾಕಿ, ನುಂಗಲಾರದೆ ಅಂಗಳದ ಅಂಚಿಗೆ ಹೋಗಿ ಉಗುಳಿದ. ಬಚ್ಚಮ್ಮ ಚೊಂಬು ತಗೊಂಡು ತಾವೇ ಕುಡಿದರು. ಕುಡಿದು ನನ್ನ ಕಡೆ ನೋಡಿದರು. ನಾನು ಓಡಿಹೋಗಿ ಪಂಪಿನ ಬಾಯಲ್ಲಿ ನಿಂತ ನೀರನ್ನು ನಾಲಿಗೆಗೆ ಹಚ್ಚಿಕೊಂಡೆ. ಸಮುದ್ರವೇ. ಸಾವಿರಾರು ಕೊಡ ಸಮುದ್ರವನ್ನು ಮೇಲೆತ್ತಿ ಆ ಬಾವಿಯ ನೆತ್ತಿಗೆ ಸುರಿದಿದ್ದೆ.

ಅವತ್ತು ಸಂಜೆ ಕೊಡ ಹಿಡಿದು ಬಂದವರು ಬರಿಗೊಡ ಹಿಡಿದು ವಾಪಸು ಹೋದರು. ಮಳೆಗೆ ಇನ್ನೂ ಒಂದು ತಿಂಗಳ ಮೇಲಿತ್ತು. ಮೀನು ಹಿಡಿಯುವ ಶೀನ ಅನ್ನೋನು ನನ್ನ ಅಂಗಿ ಹಿಡಿದು, "ಇಡೀ ಕೇರಿ ಬಾಯಿಗೆ ಉಪ್ಪ್ ಹಾಕಿರ್ಯಲ್ಲ ಮಾರಾಯ್ರೆ, ಮಕ್ಳಿಗೆ ಎಂತ ಕುಡ್ಸುದ್?" ಅಂದ. ಅವನು ಹೊಡೆದಿದ್ದರೆ ಹೊಡೆಸಿಕೊಳ್ಳೋನೇ. ಬಚ್ಚಮ್ಮ ಬಂದು ಅವನ ಕೈ ಬಿಡಿಸಿದರು. ಹೆಂಗಸರು ಹೊಳೆಯಾಚೆಯಿಂದ ದೋಣಿಯಲ್ಲಿ ನೀರು ತರೋಕೆ ಶುರು ಮಾಡಿದರು. ಬಂದಿದ್ದ ಗಂಡ ಹೆಂಡತಿ ಅವತ್ತೇ ಹೊರಟುಹೋದರು. ಆಮೇಲೆ ಬಂದವರಿಗೂ ಬಚ್ಚಮ್ಮ ಬೆಲ್ಲ ನೀರು ನಿಲ್ಲಿಸಲಿಲ್ಲ. ದೋಣಿಯ ನೀರು ತೀರಿದ ದಿನ ಬಾವಿಯದ್ದನ್ನೇ ಕೊಡಬೇಕಾಗೋದು. ಅವತ್ತು ಬೆಲ್ಲದ ಚೂರು ದೊಡ್ಡದಿರ್ತಿತ್ತು. ನಾನು ಜಗಲಿಯಲ್ಲಿ ಕೂತು ಆ ದೊಡ್ಡ ಚೂರನ್ನು ನೋಡಿ ಸತ್ತು ಹುಟ್ಟುತ್ತಿದ್ದೆ.

ಖಾದರ್ ಸಾಬರು ಬಂದರು. ನಾನು ಎಲ್ಲ ಹೇಳಿದೆ. ಅವರು ಹಚ್ಚಿದ ಬೀಡಿ ಸೇದದೆ ಕೈಯಲ್ಲೇ ಆರಿಸಿದರು. ಆಮೇಲೆ ಬಚ್ಚಮ್ಮನ ಮುಂದೆ ನೆಲದ ಮೇಲೆ ಕೂತು, "ಅಮ್ಮಾ, ನಮಗೆ ಈ ನೆಲ ಗೊತ್ತಿಲ್ಲ. ನೀವು ಹೇಳಿಕೊಡ್ರಿ" ಅಂದರು. ಇಪ್ಪತ್ತು ವರ್ಷ ಬೋರು ಕೊರೆದ ಮನುಷ್ಯ, ಗಂಜಿ ಕಾಸುವ ಹೆಂಗಸಿನ ಮುಂದೆ ಕೈ ಕಟ್ಟಿ ಕೂತದ್ದನ್ನು ನಾನು ನೋಡಿದೆ. ನನ್ನ ಸರ್ವೀಸಿನಲ್ಲಿ ಅದಕ್ಕಿಂತ ದೊಡ್ಡದನ್ನು ನೋಡಿಲ್ಲ.

ಬಚ್ಚಮ್ಮ ದೇವರ ಮುಂದಿನ ಗಾಜಿನ ದೀಪ ತಂದರು. ಅಡಿಯಲ್ಲಿ ನೀರು, ಮೇಲೆ ಬೆರಳುದ್ದ ಕೊಬ್ಬರಿ ಎಣ್ಣೆ. ಮಳೆಗಾಲದ ನೀರು ಹೀಗೇ ಉಪ್ಪುನೀರಿನ ಮೇಲೆ ತೆಳ್ಳಗೆ ಕೂತಿರುತ್ತೆ, ಮೆಲ್ಲಗೆ ತೆಗೆದುಕೊಂಡರೆ ಬೇಸಿಗೆ ಮುಗಿಯೋವರೆಗೂ ಬರುತ್ತೆ, ಜೋರಾಗಿ ಎಳೆದರೆ ಅಡಿಯದು ಮೇಲೆ ಬರುತ್ತೆ ಅಂತ ಅವರ ಭಾಷೆಯಲ್ಲಿ ಹೇಳಿದರು. ಮನೆಗೆ ಎರಡೇ ಕೊಡ ಯಾಕೆ ಅಂತ ನನಗೆ ಆಗ ತಿಳಿಯಿತು. ನಾನು ಕಾಲಿಟ್ಟು ನಿಂತ ಮರಳಿನ ಕೆಳಗೆ ಇಡೀ ಸಮುದ್ರ ಇದೆ, ಅದರ ಬೆನ್ನ ಮೇಲೆ ಇಪ್ಪತ್ತು ಮನೆಯ ಕುಡಿಯೋ ನೀರು ಕದಲದೆ ಕೂತಿದೆ. ಅದನ್ನು ಯಾವ ಮಿಷನ್ನೂ ಇಲ್ಲದೆ, ಬರೀ ಎರಡು ಕೊಡದ ಕಟ್ಟಳೆಯಿಂದ ಈ ಹೆಂಗಸರು ಅಜ್ಜಿಯರ ಕಾಲದಿಂದ ಕಾಯ್ದುಕೊಂಡು ಬಂದಿದ್ದಾರೆ. ನನ್ನ ಮೈ ಜುಂ ಅಂದಿತು. ಮೊದಲ ದಿನ ಸಮುದ್ರ ನೋಡಿದಾಗಲೂ ಹಾಗಾಗಿರಲಿಲ್ಲ.

ಸಾಹೇಬರು ಬಂದರು. "ಉಪ್ಪುನೀರು, ಫೇಲ್ ಅಂತ ಬರೆದು ಮುಂದಿನ ಊರಿಗೆ ನಡೀರಿ" ಅಂದರು. ಕಾಗದದ ಪ್ರಕಾರ ಅವರ ಮಾತು ಸರಿಯೇ. ಖಾದರ್ ಸಾಬರು, "ಸಾರ್, ಬಾಗಿಲು ತೆಗೆದೋರು ನಾವು. ಮುಚ್ಚದೆ ಹೆಂಗೆ ಹೋಗಾಕಾಗತ್ತೆ?" ಅಂದರು. "ಎಷ್ಟು ದಿನ ಬೇಕ್ರಿ?" "ಮುಚ್ಚೋಕೆ ಎಷ್ಟು ಬೇಕೋ ಅಷ್ಟು." ಸಾಹೇಬರು ಬಾವಿ ಹತ್ತಿರ ಹೋಗಿ ನೀರು ಬಾಯಿಗೆ ಹಾಕಿಕೊಂಡು, ಮುಖ ಕಿವುಚಿ ಜೀಪು ಹತ್ತಿದರು. ಬೇಡ ಅನ್ನಲಿಲ್ಲ, ಅಷ್ಟೇ ಸಾಕಾಯಿತು.

ಕೊರೆದು ಗೊತ್ತಿತ್ತು, ಮುಚ್ಚಿ ಗೊತ್ತಿರಲಿಲ್ಲ. ಗದ್ದೆಯ ಅಂಟುಜೇಡಿ ತಂದು ಕಾಲಲ್ಲಿ ತುಳಿದು, ರೊಟ್ಟಿ ಹಿಟ್ಟಿನ ಹದಕ್ಕೆ ತಂದು ಉಂಡೆ ಕಟ್ಟಬೇಕು. ಕಬ್ಬಿಣದ ಕೊಳವೆಯನ್ನು ಒಂದೊಂದೇ ಗೇಣು ಮೇಲೆಳೆಯುತ್ತಾ ಉಂಡೆ ಕೆಳಗೆ ಬಿಡಬೇಕು, ಅದೇ ಉಳಿಯಿಂದ ಕುಟ್ಟಿ ಕೂರಿಸಬೇಕು. ತೊಂಬತ್ತು ಅಡಿ. ರುದ್ರಪ್ಪ ಪಂಚೆ ಎತ್ತಿಕಟ್ಟಿ ಬೆಳಗಿಂದ ಸಂಜೆವರೆಗೂ ಜೇಡಿ ತುಳಿದ. ಮೊದಲೆರಡು ದಿನ ಕೇರಿಯವರು ದೂರ ನಿಂತು ನೋಡಿದರು. ಮೂರನೇ ದಿನ ಶೀನ ಬಂದು, "ಹಾಂಗೆ ತುಳುದಲ್ಲ, ಕಾಣಿ" ಅಂತ ರುದ್ರಪ್ಪನನ್ನು ಪಕ್ಕಕ್ಕೆ ಸರಿಸಿ ತಾನೇ ಇಳಿದ. ಆಮೇಲೆ ಹೆಂಗಸರು ಬುಟ್ಟಿ ತಂದರು. ಯಾರ ನೀರು ಕೆಡಿಸಿದ್ದೆವೋ ಅವರೇ ನಮ್ಮ ಜೊತೆ ಮಣ್ಣು ತುಳಿದರು. ತಲೆ ಎತ್ತಿ ಅವರ ಮುಖ ನೋಡೋಕೆ ನನಗೆ ನಾಲ್ಕು ದಿನ ಬೇಕಾಯಿತು.

ಬಾವಿಯ ಉಪ್ಪುನೀರು ಪೂರಾ ಎತ್ತಿ ಹೊರಗೆ ಚೆಲ್ಲೋಣ ಅಂತ ನಾನು ಅಂದೆ. ಬಚ್ಚಮ್ಮ ಬೇಡ ಅಂದರು. ಖಾಲಿ ಮಾಡಿದಷ್ಟೂ ಅಡಿಯದು ಏರುತ್ತೆ, ಅದರ ಪಾಡಿಗೆ ಬಿಡಿ, "ಮಳಿ ಬರ್ಲಿ, ಕಾಂಬ" ಅಂದರು. ಈ ಸಲ ಅವರ ಮಾತು ಕೇಳಿದೆ. ಹನ್ನೊಂದನೇ ದಿನ ಬೋರಿನ ಬಾಯಿಗೆ ಕೊನೆಯ ಉಂಡೆ ಕೂರಿಸಿ ಸಿಮೆಂಟು ಹಾಕಿದೆವು. ಹೊರಡುವಾಗ ಬಚ್ಚಮ್ಮ ಚಾಪೆಗೂ ಗಂಜಿಗೂ ನಾವು ಕೊಟ್ಟದ್ದನ್ನು ಎಣಿಸದೆ ಮಡಿಲಿಗೆ ಹಾಕಿಕೊಂಡು, "ನೀವ್ ಬೇಕಂತ್ ಮಾಡಿದ್ದಲ್ಲ ಅಲ್ದಾ" ಅಂದರು. ಆ ಮಾತಿಗಿಂತ ಶೀನನ ಏಟು ಹಗುರವಾಗಿರ್ತಿತ್ತು.

ಆ ಮಳೆಗಾಲ ನಾವು ಚನ್ನಗಿರಿ ಕಡೆ ತ್ಯಾವಣಿಗೆ ಹತ್ತಿರ ಕೆಲಸದಲ್ಲಿದ್ದೆವು. ನನ್ನ ಬಾಯಿಗೆ ಯಾವ ನೀರು ಹಾಕಿದರೂ ಉಪ್ಪೇ. ಬಾವಿ ಹೆಂಗೈತೆ, ನಾನು ಬಂದು ನೋಡಲಾ ಅಂತ ಒಂದು ಕಾರ್ಡು ಬರೆದೆ. ತಿಂಗಳ ಮೇಲೆ ಉತ್ತರ ಬಂತು, ಅವರ ಮನೆಯಲ್ಲಿ ತಂಗಿದ್ದ ಮೇಷ್ಟ್ರ ಕೈಯಿಂದ ಬರೆಸಿದ್ದು. ಈಗ ಬರಬೇಡಿ, ಮಳೆಯಲ್ಲಿ ಎಲ್ಲರ ಬಾವಿಯೂ ಸಿಹಿಯೇ, ಬಾವಿಯ ನಿಜ ಗೊತ್ತಾಗೋದು ಬೇಸಿಗೆಯಲ್ಲಿ, ಯುಗಾದಿ ಕಳೆದು ಬನ್ನಿ ಅಂತಿತ್ತು. ಏಳೆಂಟು ತಿಂಗಳು ಕಾಯಬೇಕು. ಆ ಕಾರ್ಡನ್ನು ಅಂಗಿ ಜೇಬಿನಲ್ಲಿಟ್ಟುಕೊಂಡೇ ಓಡಾಡಿದೆ. ಬೆವರಿಗೆ ಅಕ್ಷರ ಅಳಿಸಿತು.

ಆ ತಿಂಗಳುಗಳಲ್ಲೇ ನನಗೆ ಒಂದು ಅಭ್ಯಾಸ ಬಂತು, ರಿಟೈರಾಗುವ ದಿನದವರೆಗೂ ಬಿಡಲಿಲ್ಲ. ಹೊಸ ಊರಿಗೆ ರಿಗ್ಗು ಹೋದ ಕೂಡಲೇ ಅಲ್ಲಿ ಹೆಚ್ಚು ವರ್ಷದಿಂದ ನೀರು ಸೇದಿದ ಹೆಂಗಸು ಯಾರು ಅಂತ ವಿಚಾರಿಸೋದು. ಅವರ ಹತ್ತಿರ ಕೂತು, "ನಿಮ್ಮೂರ ನೀರು ಹೆಂಗೆ ಬಾಳ್ವೆ ಮಾಡತ್ತಮ್ಮ?" ಅಂತ ಕೇಳೋದು. ಎಂಬತ್ತರ ದಶಕದಲ್ಲಿ ಗಾಳಿಯ ಒತ್ತಡದಿಂದ ಕೊರೆಯೋ ಗಾಳಿ ರಿಗ್ಗು ಬಂತು. ತಿಂಗಳ ಕೆಲಸ ಒಂದೇ ದಿನಕ್ಕೆ ಮುಗಿಯತೊಡಗಿತು. ಒಳ್ಳೆಯದೇ, ನಾನು ಬೇಡ ಅನ್ನೋದಿಲ್ಲ, ಎಷ್ಟೋ ಊರಿಗೆ ಬೇಗ ನೀರು ಸಿಕ್ಕಿತು. ಆದರೆ ಯಾರ ಮನೆಯಲ್ಲೂ ಗಂಜಿ ಕುಡಿಯೋದು ತಪ್ಪಿತು. ನಾನು ಆ ಮುದುಕಿಯರನ್ನು ಕೇಳುತ್ತಾ ಕೂತರೆ ಹೊಸ ಆಪರೇಟರುಗಳು ಇಂಜಿನ್ ಗುರ್ ಅನಿಸಿ ಅವಸರ ಮಾಡೋರು.

ಯುಗಾದಿ ಕಳೆದು ತಿಂಗಳಾಗಿತ್ತು. ಖಾದರ್ ಸಾಬರೂ ನಾನೂ ರಜೆ ಹಾಕಿ ಬಸ್ಸಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಸಾಬರು ಬೀಡಿ ಮುಟ್ಟಲಿಲ್ಲ. ಯಾಕ್ರಿ ಅಂದರೆ, "ನಾಲಿಗೆ ಚೊಕ್ಕ ಇರಬೇಕು" ಅಂದರು. ಬಿಸಿಲಿಗೆ ಮರಳು ಕಾದಿತ್ತು. ಕೇರಿಯ ಮೊದಲನೇ ಮನೆಯ ಬಾವಿಯಿಂದ ಒಂದು ಬೊಗಸೆ ಕೇಳಿ ಬಾಯಿಗೆ ಹಾಕಿದೆ. ಉಪ್ಪು. ಎರಡನೆಯದೂ ಉಪ್ಪು. ಬೇಸಿಗೆ ಪೂರಾ ಬಂದಿದೆ ಅಂತ ಅರ್ಥ. ಮುಂದೆ ಹೆಜ್ಜೆ ಇಡೋಕೆ ನನಗೆ ಧೈರ್ಯ ಸಾಲಲಿಲ್ಲ. ಸಾಬರು ನನ್ನ ರಟ್ಟೆ ಹಿಡಿದು ನಡೆಸಿದರು.

ಬಚ್ಚಮ್ಮ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದರು. ನಮ್ಮನ್ನು ಕಂಡು ಎದ್ದು, ಬನ್ನಿ ಅಂತಲೂ ಅನ್ನದೆ ಹಿಂದಕ್ಕೆ ಹೋದರು. ಬಾವಿಯ ರಾಟೆ ಕೀರ್ ಅಂದದ್ದು ಕೇಳಿಸಿತು. ಬಂದಾಗ ಕೈಯಲ್ಲಿ ಚೊಂಬು ಮಾತ್ರ ಇತ್ತು. ಆ ಮನೆಯಲ್ಲಿ ಮೊದಲ ಸಲ ಬೆಲ್ಲದ ತಟ್ಟೆ ಬರಲಿಲ್ಲ. ನಾನು ಅವರ ಬರಿಗೈ ನೋಡಿದೆ. ಕೋಪ ಇನ್ನೂ ಹೋಗಿಲ್ಲ, ಹೋಗಲೂಬಾರದು ಅಂದುಕೊಂಡೆ.

ಅವರು ಚೊಂಬು ನನ್ನ ಕೈಗೇ ಕೊಟ್ಟು, "ಬರೀ ನೀರ್ ಕುಡ್ದ್ ಕಾಣಿ" ಅಂದರು.

ಕುಡಿದೆ. ಮೊದಲ ಸಲ ಅಂಗಳಕ್ಕೆ ಕಾಲಿಟ್ಟಾಗ ಕುಡಿದ ನೀರೇ. ಕಣ್ಣೀರು ತುಟಿಗೆ ಇಳಿದು ಸ್ವಲ್ಪ ಉಪ್ಪಾಯಿತು, ಅದು ಬಾವಿಯದಲ್ಲ. ಅರ್ಧ ಚೊಂಬು ಖಾದರ್ ಸಾಬರಿಗೆ ಕೊಟ್ಟೆ. ಅವರು ಕಣ್ಣು ಮುಚ್ಚಿ ಕೊನೆಯ ಹನಿವರೆಗೂ ಕುಡಿದು, ಇನ್ನೊಂದು ಚೊಂಬು ಕೊಡಿ ಅಂತ ಬಚ್ಚಮ್ಮನ ಮುಂದೆ ಹಿಡಿದರು. ಅವರು ಕೊಡಲಿಲ್ಲ.

"ಬೆಳಗಿನ ಎರಡ್ ಕೊಡ ಆಯ್ತ್. ಇನ್ನ್ ಸಂಜಿಗೇ" ಅಂದರು. ಆಮೇಲೆ ಒಳಗೆ ಹೋಗಿ ಬೆಲ್ಲ ತಂದಿಟ್ಟರು.